ಹದಿನೇಳು ತಾಸಿನ ಲೆಕ್ಕ

ನಮ್ಮ ದೊಡ್ಡಪ್ಪ ತೀರಿಕೊಂಡದ್ದು ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಮಂಗಳವಾರ ಸಂಜೆ ಏಳಕ್ಕೆ. ಊರು ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರದ ಹಳ್ಳಿ. ಅವರ ಒಬ್ಬನೇ ಮಗ, ನಮಗೆಲ್ಲ ಅಣ್ಣ, ಅಮೆರಿಕದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದಾನೆ. ಸುದ್ದಿ ಮುಟ್ಟಿಸಿದಾಗ ಅಲ್ಲಿ ಅದೇ ಮಂಗಳವಾರದ ಬೆಳಗಿನ ಐದೂವರೆ. ಅಂಗಳದಲ್ಲಿ ಸೇರಿದ್ದ ಹಿರಿಯರು ನನ್ನನ್ನು ಕರೆದು ಕೇಳಿದರು: "ವಿಮಾನದಾಗ ಬಂದ್ರ ಎಷ್ಟು ತಾಸು ಆಗ್ತದಪಾ?" ಮನೆಯಲ್ಲಿ ಡಿಗ್ರಿ ಓದುತ್ತಿದ್ದವನು ನಾನೇ. ಮೊಬೈಲ್ ತೆಗೆದು ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ಎಂದು ಟೈಪ್ ಮಾಡಿದೆ. ದೂರ ಸುಮಾರು 14,000 ಕಿ.ಮೀ., ಹಾರಾಟದ ಅವಧಿ ಸುಮಾರು 17 ಗಂಟೆ ಎಂದು ಬಂತು. "ಹದಿನೇಳು ತಾಸು ರೀ" ಅಂದೆ.

ಹಿರಿಯರು ಬೆರಳು ಮಡಚಿ ಎಣಿಸಿದರು. ಹದಿನೇಳು ಅಂದರೆ ನಾಳೆ ಮಧ್ಯಾಹ್ನ ಹನ್ನೆರಡು. ಬೆಂಗಳೂರಿನಿಂದ ಕಾರಿನಲ್ಲಿ ಎಂಟು ತಾಸು. ನಾಳೆ ರಾತ್ರಿ ಎಂಟು, ಒಂಬತ್ತಕ್ಕೆ ಮಗ ಬರುತ್ತಾನೆ, ಬಂದ ಕೂಡಲೇ ಮಣ್ಣು. ಅರ್ಧ ಗಂಟೆಯೊಳಗೆ ಸಿಂಧನೂರು, ಲಿಂಗಸುಗೂರು, ಸಿರುಗುಪ್ಪದ ಬೀಗರಿಗೆಲ್ಲ ಫೋನ್ ಹೋಯಿತು. ಚಳಿಗಾಲ, ಒಂದೇ ದಿನದ ಮಾತು ಎಂದು ರಾಯಚೂರಿನಿಂದ ಫ್ರೀಜರ್ ಪೆಟ್ಟಿಗೆ ತರಿಸುವುದೂ ಬೇಡ ಎಂದರು.

ಅಣ್ಣ ಮನೆಯಂಗಳಕ್ಕೆ ಕಾಲಿಟ್ಟದ್ದು ಗುರುವಾರ ಸಂಜೆ ನಾಲ್ಕೂವರೆಗೆ. ಎಣಿಸಿದರೆ ನಲವತ್ತೈದೂವರೆ ತಾಸು. ದೊಡ್ಡಪ್ಪನ ಮಣ್ಣು ಅಂದು ಬೆಳಿಗ್ಗೆ ಹನ್ನೊಂದಕ್ಕೇ ಆಗಿತ್ತು. ಅನಂತಪುರ ದಾಟಿದ ಮೇಲೆ ರಸ್ತೆ ಬದಿಗೆ ಕಾರು ನಿಲ್ಲಿಸಿಕೊಂಡು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವುದನ್ನು ಅವನು ಮೊಬೈಲಿನಲ್ಲಿ ನೋಡಿದ. ಆ ಮೊಬೈಲನ್ನು ಗುಂಡಿಯ ಪಕ್ಕ ಹಿಡಿದು ನಿಂತಿದ್ದವನು ನಾನು.

ಈ ಎರಡು ಸಂಖ್ಯೆಗಳ ನಡುವಿನ ಇಪ್ಪತ್ತೆಂಟೂವರೆ ತಾಸಿನ ಬಗ್ಗೆ ನಾನು ಅಂದಿನಿಂದ ಯೋಚಿಸುತ್ತಿದ್ದೇನೆ. ಈ ಪುಟ ಓದುವ ಬಹಳಷ್ಟು ಜನ ಜಿಆರ್‌ಇಗೋ ಐಇಎಲ್‌ಟಿಎಸ್‌ಗೋ ಓದುತ್ತಿರುವವರು, ಇಲ್ಲವೇ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವವರು. ನಾನೂ ಅವರಲ್ಲೊಬ್ಬ. ಮನೆಯವರು "ಎಷ್ಟು ದೂರ?" ಎಂದು ಕೇಳಿದಾಗ ನಾವೆಲ್ಲ ಹೇಳುವ ಉತ್ತರ ಅದೇ ಬಗೆಯದು: ಹದಿನೇಳು ಗಂಟೆ, ಒಂದು ರಾತ್ರಿ ಮಲಗಿ ಎದ್ದರೆ ಮುಗಿಯಿತು. ಶಿಕ್ಷಣ ಮೇಳದ ಮಳಿಗೆಗಳಲ್ಲಿ ಕೋಟು ಹಾಕಿಕೊಂಡು ಕೂತವರೂ ತಂದೆತಾಯಂದಿರಿಗೆ ಇದನ್ನೇ ಹೇಳುತ್ತಾರೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ವಿಮಾನದ ಲೆಕ್ಕ, ಮನುಷ್ಯನ ಲೆಕ್ಕ ಅಲ್ಲ.

ಮೊದಲು ಆ ಹದಿನೇಳು ಎಲ್ಲಿಂದ ಬರುತ್ತದೆ ನೋಡೋಣ. ಯಾರ ಮನೆಯಲ್ಲಾದರೂ ಭೂಗೋಳದ ಗುಂಡು ಇದ್ದರೆ ಒಂದು ದಾರ ತೆಗೆದುಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ನಕಾಶೆ ನೋಡಿ ಬೆಳೆದ ನಮಗೆ ದಾರ ಪೆಸಿಫಿಕ್ ಸಾಗರದ ನಡುವೆ ಹೋಗಬೇಕು ಅನ್ನಿಸುತ್ತದೆ. ಅದು ಹಾಗೆ ಹೋಗುವುದಿಲ್ಲ. ಬೆಂಗಳೂರಿನಿಂದ ನೇರ ಮೇಲಕ್ಕೆ ಹೊರಟು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶದ ಹತ್ತಿರ ಉತ್ತರ ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಇದೇ. ಇದರ ಉದ್ದ 13,990 ಕಿ.ಮೀ. ಆಸುಪಾಸು. ಎರಡೂ ಊರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಪಿಯುಸಿಯ ತ್ರಿಕೋನಮಿತಿ ಇಟ್ಟುಕೊಂಡು ಯಾರೂ ಇದನ್ನು ತೆಗೆಯಬಹುದು. ನಾನು ತೆಗೆದು ನೋಡಿದ್ದೇನೆ. ಮೊಬೈಲು ಮಾಡುವುದೂ ಇದನ್ನೇ. ಆ ಉದ್ದವನ್ನು ಗಂಟೆಗೆ 900 ಕಿ.ಮೀ.ಗೆ ಸ್ವಲ್ಪ ಕಡಿಮೆ ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಒಂದಿಷ್ಟು ಸೇರಿಸಿದರೆ ಹದಿನಾರು, ಹದಿನೇಳು ಬರುತ್ತದೆ.

ಬಂದ ತೊಂದರೆ ಏನೆಂದರೆ, ವಿಮಾನ ಆ ದಾರದ ಮೇಲೆ ಹಾರುವುದಿಲ್ಲ.

ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ, ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜತೆಗಿದ್ದವರೆಲ್ಲ ಮಹಿಳೆಯರು, ದಾರಿ ಉತ್ತರ ಧ್ರುವದ ಮೇಲೆ. ನಮ್ಮ ಕಾಲೇಜಿನ ಗ್ರೂಪುಗಳಲ್ಲೆಲ್ಲ ಆ ಫೋಟೊ ಓಡಾಡಿತ್ತು. ಆ ಹಾರಾಟದ ಬಗ್ಗೆ ಸುದ್ದಿಯಲ್ಲಿ ಬಂದ ಅಂಕಿ ಸುಮಾರು 16,000 ಕಿ.ಮೀ. ದಾರದ ಲೆಕ್ಕಕ್ಕಿಂತ ಎರಡು ಸಾವಿರ ಹೆಚ್ಚು. ಧ್ರುವದ ನೆತ್ತಿಯ ಮೇಲೆ ನೇರ ಹೋಗಿ ನೇರ ಇಳಿದರೂ ದಾರದ ದಾರಿಗಿಂತ 370 ಕಿ.ಮೀ.ಯಷ್ಟೇ ಜಾಸ್ತಿ ಆಗಬೇಕು. ಉಳಿದದ್ದು ಗಾಳಿ, ಬೆಟ್ಟ, ಗಡಿ ಇವುಗಳ ಪಾಲು.

ಬೆಟ್ಟವೆಂದರೆ ಟಿಬೆಟ್. ವಿಮಾನ ಅದಕ್ಕಿಂತ ಎಷ್ಟೋ ಮೇಲೆ ಹಾರುತ್ತದೆ, ಡಿಕ್ಕಿ ಹೊಡೆಯುವ ಭಯ ಇಲ್ಲ. ಆದರೆ ಒಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಯಬೇಕು, ಜನ ಉಸಿರಾಡುವ ಎತ್ತರ ಅದು. ಟಿಬೆಟ್ಟಿನ ನೆಲವೇ ಬಹುಪಾಲು ಕಡೆ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಅಲ್ಲಿ ಇಳಿಯಲು ಜಾಗವಿಲ್ಲ, ವಿಮಾನಗಳು ಸುತ್ತಿ ಹೋಗುತ್ತವೆ.

ಗಾಳಿಯ ವಿಷಯ ಇನ್ನೂ ಸ್ವಾರಸ್ಯದ್ದು. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಗಾಳಿ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ ನೂರೈವತ್ತು, ಇನ್ನೂರು ಕಿ.ಮೀ. ದಾಟುವುದು ಸಾಮಾನ್ಯ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ದೂರ 5,540 ಕಿ.ಮೀ., ಹೋಗುವಾಗಲೂ ಬರುವಾಗಲೂ ಅಷ್ಟೇ. ಆದರೂ ಲಂಡನ್ನಿನಿಂದ ಪಶ್ಚಿಮಕ್ಕೆ ಹೋಗಲು ಎಂಟು ಗಂಟೆ ಹಿಡಿಯುವ ದಾರಿ, ವಾಪಸು ಬರುವಾಗ ಏಳಕ್ಕೋ ಅದಕ್ಕೂ ಮೊದಲೋ ಮುಗಿಯುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಡಿಯ ಮಾತಿಗೆ ಬಂದರೆ, 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಮತ್ತು ಪಶ್ಚಿಮದ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶ ಮುಚ್ಚಿದವು. ಫಿನ್‌ಲೆಂಡಿನ ಫಿನ್‌ಏರ್ ಸಂಸ್ಥೆಗೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು, ರಾತ್ರೋರಾತ್ರಿ ಅದು ಹದಿಮೂರಾಯಿತು. ಹೆಲ್ಸಿಂಕಿ ಕದಲಲಿಲ್ಲ, ಟೋಕಿಯೊ ಕದಲಲಿಲ್ಲ. ನಮ್ಮ ಬೆಂಗಳೂರಿಗೂ ಇದರ ಬಿಸಿ ತಟ್ಟಿತು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ, ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಬಿಡುವುದಾಗಿ 2020ರಲ್ಲೇ ಘೋಷಿಸಿದ್ದವು. ಮೊದಲು ಕೋವಿಡ್, ಆಮೇಲೆ ಈ ಮುಚ್ಚಿದ ಆಕಾಶ; ಎರಡೂ ವಿಮಾನಗಳು ಹಾರಲೇ ಇಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ, ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನಗಳು ಸುತ್ತುದಾರಿ ಹಿಡಿದು, ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದು ಹೋಗಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ದೆಹಲಿ-ವಾಷಿಂಗ್ಟನ್ ಸೇವೆಯೇ ನಿಂತಿತು. ಯಾವುದೋ ರಾಜಧಾನಿಯಲ್ಲಿ ಯಾರೋ ಹಾಕುವ ಒಂದು ಸಹಿ ನಿಮ್ಮ ಊರನ್ನು ಮೂರು ತಾಸು ದೂರ ತಳ್ಳಬಹುದು. ಇದನ್ನು ಯಾವ ದೂರದ ಲೆಕ್ಕವೂ ಮೊದಲೇ ಹೇಳುವುದಿಲ್ಲ.

ಮುಚ್ಚದ ಆಕಾಶದಲ್ಲೂ ಎಲ್ಲ ಸರಿ ಇರುತ್ತದೆ ಅಂತಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್ ಎಂಬ ಊರಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಭಾಷೆ ಬಾರದ ಊರಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದರು. ಬೇರೆ ವಿಮಾನ ಬಂದು ಅವರನ್ನು ಮುಟ್ಟಿಸುವ ಹೊತ್ತಿಗೆ ಜೂನ್ 8. ಅವರಲ್ಲಿ ಎಷ್ಟು ಜನರ ಮನೆಯವರು ಹದಿನಾರು ಗಂಟೆ ಎಣಿಸಿ ಅಡುಗೆ ಮಾಡಿಟ್ಟಿದ್ದರೋ.

ಇಷ್ಟೆಲ್ಲ ಹೇಳಿದರೂ, ನಮ್ಮ ಮನೆಯ ಇಪ್ಪತ್ತೆಂಟೂವರೆ ತಾಸನ್ನು ತಿಂದದ್ದು ಗಾಳಿಯೂ ಅಲ್ಲ, ಗಡಿಯೂ ಅಲ್ಲ. ಆ ಪ್ರಯಾಣವನ್ನು ಅಣ್ಣನ ಜತೆ ಕೂತು ಒಂದು ಹಾಳೆಯ ಮೇಲೆ ಬರೆದು ನೋಡಿದ್ದೇನೆ.

ನೇರ ವಿಮಾನ ಪ್ರತಿದಿನ ಇರಲಿಲ್ಲ, ವಾರದಲ್ಲಿ ಕೆಲವೇ ದಿನ. ಮುಂದಿನದ್ದು ಗುರುವಾರ. ಅದಕ್ಕೆ ಕಾಯುವ ಮಾತೇ ಇಲ್ಲ, ಕೊಲ್ಲಿಯ ಒಂದು ನಗರದ ಮೇಲೆ ಬರುವ ಟಿಕೆಟ್ ತೆಗೆದ. ಅದು ಹೊರಡುವುದು ಅಲ್ಲಿಯ ಮಂಗಳವಾರ ಸಂಜೆ ನಾಲ್ಕಕ್ಕೆ, ನಮಗೆ ಬುಧವಾರ ಬೆಳಗಿನ ಐದೂವರೆ. ಅಂದರೆ ಅಣ್ಣ ಇನ್ನೂ ನೆಲ ಬಿಡುವ ಮೊದಲೇ ಹತ್ತೂವರೆ ತಾಸು ಹೋಗಿತ್ತು. ಕೊಲ್ಲಿಯ ನಗರಕ್ಕೆ ಹದಿನೈದೂವರೆ ತಾಸು. ಅಲ್ಲಿ ಮುಂದಿನ ವಿಮಾನಕ್ಕೆ ಆರು ತಾಸು ಕಾಯುವುದು. ಅಲ್ಲಿಂದ ಬೆಂಗಳೂರಿಗೆ ನಾಲ್ಕು. ಪಾಸ್‌ಪೋರ್ಟಿನ ಸಾಲು, ಬ್ಯಾಗು ಎಲ್ಲ ಸೇರಿ ಒಂದು. ದೇವನಹಳ್ಳಿಯಿಂದ ಅನಂತಪುರ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು ದಾಟಿ ಊರಿಗೆ ಎಂಟೂವರೆ. ಕೂಡಿಸಿ ನೋಡಿ.

ಇದರಲ್ಲಿ ಅವನು ಗಾಳಿಯಲ್ಲಿದ್ದದ್ದು ಹತ್ತೊಂಬತ್ತೂವರೆ ತಾಸು. ಉಳಿದ ಇಪ್ಪತ್ತಾರು ಕಾಯುವುದಕ್ಕೆ ಮತ್ತು ರಸ್ತೆಗೆ. ವಿಮಾನದ ವೇಗ ಎರಡು ಪಟ್ಟು ಆಗಿದ್ದರೂ ಆ ಇಪ್ಪತ್ತಾರು ತಾಸು ಕಡಿಮೆ ಆಗುತ್ತಿರಲಿಲ್ಲ.

ನಮ್ಮ ಹಳ್ಳಿಗೆ ದಿನಕ್ಕೆ ಎರಡು ಬಸ್ಸು. ರಾಯಚೂರು ಐವತ್ತು ಕಿ.ಮೀ. ಚಿಲ್ಲರೆ, ಬಸ್ಸಿನಲ್ಲಿ ಒಂದೂಮುಕ್ಕಾಲು ತಾಸು. ಆದರೆ "ರಾಯಚೂರಿಗೆ ಹೋಗಾಕ ಎಷ್ಟೊತ್ತು?" ಎಂದು ನಮ್ಮೂರಲ್ಲಿ ಕೇಳಿದರೆ ಯಾರೂ ಒಂದೂಮುಕ್ಕಾಲು ಅನ್ನುವುದಿಲ್ಲ. "ಮುಂಜಾನಿ ಬಸ್ ಸಿಕ್ರ ಊಟದ ಹೊತ್ತಿಗೆ ಕೆಲಸ ಮುಗಿಸಬಹುದು, ತಪ್ಪಿದ್ರ ಇವತ್ತು ಬ್ಯಾಡ" ಅನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಹೀಗೇ ಹೇಳುತ್ತಾಳೆ. ಬಸ್ಸು ಎಷ್ಟು ಜೋರಾಗಿ ಓಡುತ್ತದೆ ಅನ್ನುವುದಕ್ಕಿಂತ ಎಷ್ಟು ಸಲ ಬರುತ್ತದೆ, ಎಲ್ಲಿ ಇಳಿಸುತ್ತದೆ ಅನ್ನುವುದೇ ಮುಖ್ಯ ಎಂಬುದು ಹಳ್ಳಿಯವರಿಗೆ ಮೊದಲಿನಿಂದ ಗೊತ್ತು. ಅದೇ ಜನರ ಮಕ್ಕಳಾದ ನಾವು ವಿಮಾನ ಅಂದ ಕೂಡಲೇ ಅದನ್ನು ಮರೆತು ಸ್ಕ್ರೀನಿನ ಮೇಲಿನ ಒಂದು ಅಂಕಿ ಓದುತ್ತೇವೆ. ಅಂದು ರಾತ್ರಿ ಹಿರಿಯರು ನನ್ನ ಬದಲು ಬಸ್ ನಿಲ್ದಾಣದ ಕಂಟ್ರೋಲರ್‌ನನ್ನು ಕೇಳಿದ್ದರೆ "ಗಾಡಿ ಯಾವತ್ತು ಅದ ಮೊದಲು ನೋಡ್ರಿ" ಅಂದಿರುತ್ತಿದ್ದ.

ಇನ್ನೊಂದು ತಪ್ಪು ಅಣ್ಣನದೇ, ಅವನೇ ಒಪ್ಪಿಕೊಳ್ಳುತ್ತಾನೆ. ಅವನ ತಲೆಯಲ್ಲಿ ವಿಮಾನ ನಿಲ್ದಾಣ ಅಂದರೆ ಬೆಂಗಳೂರು. ಓದಿದ್ದು, ಮೊದಲ ಕೆಲಸ ಮಾಡಿದ್ದು, ವಿದೇಶಕ್ಕೆ ಹಾರಿದ್ದು ಎಲ್ಲ ಅಲ್ಲಿಂದ. ಆದರೆ ನಮ್ಮೂರಿಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಹೈದರಾಬಾದಿನದು. ರಾಯಚೂರಿನ ಜನ ದೊಡ್ಡ ಆಸ್ಪತ್ರೆಗೆ ಹೋಗುವುದೂ ಆ ಕಡೆಗೇ. ದೇವನಹಳ್ಳಿಯಿಂದ ನಾನೂರು ಕಿ.ಮೀ. ದಾಟುವ ರಸ್ತೆ, ಶಂಶಾಬಾದಿನಿಂದ ಅದರ ಅರ್ಧಕ್ಕೆ ಸ್ವಲ್ಪ ಹೆಚ್ಚು. ಕೊಲ್ಲಿಯಿಂದ ಹೈದರಾಬಾದಿಗೂ ವಿಮಾನಗಳಿವೆ. ಹಾಗೆ ಬಂದಿದ್ದರೆ ಮಧ್ಯಾಹ್ನ ಹನ್ನೆರಡೂವರೆಗೆ ಊರಲ್ಲಿರುತ್ತಿದ್ದ. ಹನ್ನೊಂದರ ಬದಲು ಹನ್ನೆರಡೂವರೆಯವರೆಗೆ ಹಿರಿಯರು ಖಂಡಿತ ನಿಲ್ಲುತ್ತಿದ್ದರು. ಬೀದರ್, ಕಲಬುರಗಿಯವರಿಗೂ ಹೈದರಾಬಾದೇ ಹತ್ತಿರ. ಬೆಳಗಾವಿಯವರಿಗೆ ಗೋವಾ. ರಾಜ್ಯದ ನಕಾಶೆ ಮತ್ತು ದಾರಿಯ ನಕಾಶೆ ಬೇರೆಬೇರೆ. ನೇರ ವಿಮಾನದ ಹದಿನೇಳು ತಾಸಿನ ಆಸೆಗೆ ಬೆಂಗಳೂರಿನಲ್ಲಿ ಇಳಿದವನಿಗೂ, ಒಂದು ಕಡೆ ಬದಲಿಸಿ ಹೈದರಾಬಾದಿನಲ್ಲಿ ಇಳಿದವನಿಗೂ ಮಾನ್ವಿಯ ಬಾಗಿಲಿಗೆ ಬರುವಾಗ ಹೆಚ್ಚು ವ್ಯತ್ಯಾಸ ಉಳಿದಿರುವುದಿಲ್ಲ.

ದುಡ್ಡಿನ ಮಾತನ್ನೂ ಹೇಳಬೇಕು. ನೇರ ಹಾರಾಟ ದುಬಾರಿ, ಅದಕ್ಕೆ ಕಾರಣವೂ ಇದೆ. ದೂರ ಹೆಚ್ಚಿದಷ್ಟೂ ವಿಮಾನ ಹೆಚ್ಚು ಇಂಧನ ಹೊರಬೇಕು, ಆ ಇಂಧನವನ್ನು ಹೊರಲಿಕ್ಕೇ ಮತ್ತಷ್ಟು ಇಂಧನ ಬೇಕು. 2021ರಲ್ಲಿ ಹಾರಿದ ಆ ಬಗೆಯ 777ರ ಟ್ಯಾಂಕುಗಳಲ್ಲಿ ಸುಮಾರು 1.8 ಲಕ್ಷ ಲೀಟರ್ ಹಿಡಿಯುತ್ತದೆ. ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿ.ಮೀ. ಮೀರಿದ ದಾರಿ, ಹದಿನೆಂಟು ಗಂಟೆಗೂ ಹೆಚ್ಚು. ಅದಕ್ಕಾಗಿ ಸಿಂಗಪುರ್ ಏರ್‌ಲೈನ್ಸ್ 2018ರ ಅಕ್ಟೋಬರಿನಲ್ಲಿ ಹಾರಿಸಲು ಶುರುಮಾಡಿದ ವಿಮಾನದಲ್ಲಿ ಇರುವುದು 161 ಆಸನ ಮಾತ್ರ, ಅದರಲ್ಲಿ ಸಾಮಾನ್ಯ ದರ್ಜೆಯೇ ಇಲ್ಲ. ಸಮಯ ಉಳಿಸುವ ಸೀಟು ಸಮಯಕ್ಕೆ ಬೆಲೆ ಕಟ್ಟಬಲ್ಲವರಿಗೆ. ಸಾಲ ಮಾಡಿ ಓದಲು ಹೋಗುವ ನಮ್ಮಂಥವರು ಎರಡು ಕಡೆ ಬದಲಿಸಿ, ಕುರ್ಚಿಯಲ್ಲಿ ಮಲಗಿ, ಮೂವತ್ತು ತಾಸು ಹಿಡಿದರೂ ಅಗ್ಗದ ಟಿಕೆಟ್ಟನ್ನೇ ಹುಡುಕುವುದು. ಹೀಗಿರುವಾಗ ಮನೆಯವರಿಗೆ ಮಾತ್ರ ಶ್ರೀಮಂತರ ಹದಿನೇಳು ತಾಸು ಹೇಳುವುದು ಯಾವ ನ್ಯಾಯ?

ಗಡಿಯಾರದ ಗೊಂದಲವೂ ಸಣ್ಣದಲ್ಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದವನು, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾನೆ. ಟಿಕೆಟ್ ನೋಡಿದರೆ ಎರಡೂವರೆ ತಾಸಿನ ಪ್ರಯಾಣ. ಬರುವಾಗ ಇದರ ಬಡ್ಡಿ ಕಟ್ಟಬೇಕು. 2021ರ ಆ ಮೊದಲ ವಿಮಾನ ಅಲ್ಲಿಂದ ಜನವರಿ 9ರ ರಾತ್ರಿ ಹೊರಟು ಇಲ್ಲಿ ಮುಟ್ಟಿದ್ದು 11ರ ನಸುಕಿನಲ್ಲಿ. ನಡುವಿನ ಹತ್ತನೇ ತಾರೀಕು ಆಕಾಶದಲ್ಲೇ ಕರಗಿತು. ಸಾವಿನ ಮನೆಯಲ್ಲಿ ಒಂದು ದಿನ ಕರಗುವುದು ಅಂದರೆ ಏನೆಂದು ನಾನು ನೋಡಿದೆ. ಅಣ್ಣನ ಟಿಕೆಟಿನ ವಿವರ ಮಂಗಳವಾರ ರಾತ್ರಿ ಹತ್ತೂವರೆಗೆ ಬಂದಾಗ, ಗುರುವಾರ ಬೆಳಿಗ್ಗೆ ಏಳಕ್ಕೆ ಬೆಂಗಳೂರು ಎಂದು ಓದಿ ನನ್ನ ಕೈಕಾಲು ತಣ್ಣಗಾದವು. ಅಷ್ಟರಲ್ಲಿ ಬೀಗರಿಗೆ ಹೇಳಿ ಆಗಿತ್ತು. ಬುಧವಾರ ಮಧ್ಯಾಹ್ನದಿಂದಲೇ ಜನ ಬಂದು ಕೂತರು. ಪೆಟ್ಟಿಗೆ ಬಂದದ್ದು ಬುಧವಾರ ಮಧ್ಯಾಹ್ನ, ಅದೂ ಕರೆಂಟು ಹೋದಾಗಲೆಲ್ಲ ಜನರೇಟರ್ ಹುಡುಕಿಕೊಂಡು. ಗುರುವಾರ ಬೆಳಿಗ್ಗೆ ಮಠದ ಅಯ್ಯನವರು ಇನ್ನು ಇಡುವುದು ಬೇಡ ಎಂದರು. ಅವರು ಹೇಳಿದ್ದು ತಪ್ಪಲ್ಲ. ಮೊದಲೇ "ಗುರುವಾರ ಸಂಜೆ" ಅಂದಿದ್ದರೆ ಪೆಟ್ಟಿಗೆ ಮೊದಲ ರಾತ್ರಿಯೇ ಬರುತ್ತಿತ್ತು, ಬೀಗರೂ ಗುರುವಾರವೇ ಬರುತ್ತಿದ್ದರು. ಅಥವಾ ಆಗುವುದಿಲ್ಲ ಎಂದು ಗೊತ್ತಾಗಿ ಬುಧವಾರವೇ ಮುಗಿಸುತ್ತಿದ್ದರು, ದೊಡ್ಡವ್ವ ಎರಡು ರಾತ್ರಿ ಬಾಗಿಲು ನೋಡುತ್ತ ಕೂರುವುದು ತಪ್ಪುತ್ತಿತ್ತು. ಅಣ್ಣ ಟಿಕೆಟ್ ತೆಗೆಯುವಾಗಲೂ ಅಷ್ಟೇ, ಎಲ್ಲಿಳಿದರೆ ಊರು ಹತ್ತಿರ ಎಂದು ನಾನು ಒಂದು ಮಾತು ಹೇಳಬಹುದಿತ್ತು.

ಇದನ್ನು ಗೆಳೆಯನೊಬ್ಬನಿಗೆ ಹೇಳಿದಾಗ ಅವನು ವಾದ ಮಾಡಿದ. ಹಿಂದೆ ಹಡಗಿನಲ್ಲಿ ವಾರಗಟ್ಟಲೆ ಹೋಗುತ್ತಿದ್ದರು, ತಿಂಗಳಾದ ಮೇಲೆ ಕಾಗದದಲ್ಲಿ ಸಾವಿನ ಸುದ್ದಿ ಮುಟ್ಟುತ್ತಿತ್ತು, ಈಗ ಎರಡು ದಿನದಲ್ಲಿ ಬರುವುದೇ ಪವಾಡ, ಹದಿನೇಳು ನಲವತ್ತೈದು ಅಂತ ಏನು ಜಗಳ ನಿನ್ನದು ಎಂದ. ಮಾತು ಒಪ್ಪತಕ್ಕದ್ದೇ. ಆದರೆ ಹಡಗಿನ ಕಾಲದಲ್ಲಿ ಯಾರೂ ಹೆಣ ಇಟ್ಟುಕೊಂಡು ಕಾಯುತ್ತಿರಲಿಲ್ಲ. ಬರಲಾರ ಎಂದು ಮನೆಗೂ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಈಗ ಬರಬಹುದು ಎಂಬ ಆಸೆ ಇದೆ. ಆಸೆ ಇದ್ದಾಗಲೇ ಲೆಕ್ಕ ಸರಿ ಇರಬೇಕಾದದ್ದು.

ಬರಲಾಗದವರ ಕಥೆ ಬೇರೆಯೇ ಇದೆ. ಎಚ್-1ಬಿ ಮೇಲೆ ಕೆಲಸ ಮಾಡುವವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ. ಅಲ್ಲಿ ಇರುವುದಕ್ಕೆ, ದುಡಿಯುವುದಕ್ಕೆ ತೊಂದರೆ ಇಲ್ಲ, ಆದರೆ ಒಮ್ಮೆ ಹೊರಗೆ ಬಂದರೆ ಹೊಸ ಮುದ್ರೆ ಬೀಳದೆ ವಾಪಸು ಹೋಗುವಂತಿಲ್ಲ. ಸಂದರ್ಶನದ ದಿನ ಸಿಗುವುದು ನಮ್ಮ ಕೈಯಲ್ಲಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಇರುವವರಿಗೂ ಇದೇ ಕಟ್ಟು. ಇಂಥವರಿಗೆ ಊರು ಹದಿನೇಳು ತಾಸೂ ಅಲ್ಲ, ನಲವತ್ತೈದೂ ಅಲ್ಲ. ಟಿಕೆಟ್ ಕೊಳ್ಳುವ ಮೊದಲೇ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸಬೇಕು.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅಣ್ಣ ಕಳಿಸಿದ ದುಡ್ಡಿನಲ್ಲೇ ನಮ್ಮ ಮನೆಯ ಇಬ್ಬರು ಹೆಣ್ಣುಮಕ್ಕಳ ಓದು ಆಯಿತು, ದೊಡ್ಡಪ್ಪನ ಕೊನೆಯ ವರ್ಷದ ಡಯಾಲಿಸಿಸ್ ಆಯಿತು. ನಾನೂ ಈ ಸಲ ಎರಡು ಕಡೆ ಅರ್ಜಿ ಹಾಕಿದ್ದೇನೆ. ನನ್ನ ತಕರಾರು ಹೊರಡುವ ಮೊದಲು ನಾವು ಮಾಡುವ ಅರ್ಧ ಲೆಕ್ಕದ ಬಗ್ಗೆ. ಫೀಸು ಎಷ್ಟು, ಸಾಲದ ಬಡ್ಡಿ ಎಷ್ಟು, ಬಾಡಿಗೆ ಎಷ್ಟು ಎಂದು ಎಕ್ಸೆಲ್ ಹಾಳೆ ತುಂಬಿಸುವ ನಾವು, ಅಲ್ಲಿಯ ಕೋಣೆಯ ಬಾಗಿಲಿನಿಂದ ಇಲ್ಲಿಯ ಮನೆಯ ಬಾಗಿಲಿಗೆ ನಿಜವಾಗಿ ಎಷ್ಟು ಹೊತ್ತು ಎಂದು ಒಂದು ಸಾಲೂ ಬರೆಯುವುದಿಲ್ಲ. ಆ ಊರಿಂದ ವಾರಕ್ಕೆ ಎಷ್ಟು ದಿನ ವಿಮಾನ, ಎಲ್ಲಿ ಬದಲಿಸಬೇಕು, ನಮ್ಮ ತಾಲ್ಲೂಕಿಗೆ ಯಾವ ನಿಲ್ದಾಣ ಹತ್ತಿರ, ನಾಳೆಯೇ ಹೊರಡಬೇಕಾದರೆ ಟಿಕೆಟ್ ದುಡ್ಡು ಯಾವ ಖಾತೆಯಲ್ಲಿದೆ. ಬರೆದು ನೋಡಿದರೆ ಅಮೆರಿಕದ ಒಳಗೂ ಲೆಕ್ಕ ಬದಲಾಗುತ್ತದೆ. ಫೀಸು ಕಡಿಮೆ ಇದೆ ಎಂದು ನಡುಭಾಗದ ಯಾವುದೋ ಸಣ್ಣ ಊರಿನ ಕಾಲೇಜು ಆರಿಸಿಕೊಂಡವನು, ದೊಡ್ಡ ವಿಮಾನ ನಿಲ್ದಾಣ ಮುಟ್ಟಲಿಕ್ಕೇ ಇನ್ನೊಂದು ವಿಮಾನ ಹತ್ತಬೇಕಾಗುತ್ತದೆ.

ನಮ್ಮನ್ನಾಳುವವರಿಗೂ ಒಂದು ಮಾತಿದೆ. ಚುನಾವಣೆ ಬಂದಾಗಲೆಲ್ಲ ಜಿಲ್ಲೆಗೊಂದು ವಿಮಾನ ನಿಲ್ದಾಣದ ಮಾತು ಕೇಳುತ್ತೇವೆ. ಆಗಲಿ, ಬೇಡ ಅನ್ನುವವನು ನಾನಲ್ಲ. ಅದಕ್ಕೆ ಮುಂಚೆ, ನಡುರಾತ್ರಿ ವಿಮಾನ ಇಳಿದವನು ಬ್ಯಾಗು ಹೊತ್ತುಕೊಂಡು ನೇರ ಹತ್ತಬಹುದಾದ ಬಸ್ಸೊಂದು ನಮ್ಮ ಕಡೆಗೆ ಇರಲಿ. ಮೈಸೂರಿನವರು ದೇವನಹಳ್ಳಿಯಲ್ಲೇ ಫ್ಲೈಬಸ್ ಹತ್ತಿ ಮಲಗಿಬಿಡುತ್ತಾರೆ. ನಮ್ಮ ತಾಲ್ಲೂಕಿನ ಹೆಸರಿನ ಬೋರ್ಡು ಹಾಕಿಕೊಂಡ ಅಂಥ ಬಸ್ಸನ್ನು ನಾನಂತೂ ಅಲ್ಲಿ ಕಂಡಿಲ್ಲ. ಕಾರು ಮಾಡಿಕೊಂಡು ಬರುವ ಶಕ್ತಿ ಅಣ್ಣನಿಗಿತ್ತು, ಎಲ್ಲರಿಗೂ ಇರುವುದಿಲ್ಲ.

ಹೋದ ವಾರ ನನ್ನ ಹಾಳೆ ಮುಗಿಯಿತು. ಅರ್ಜಿ ಹಾಕಿರುವ ಎರಡು ಊರುಗಳಲ್ಲಿ ಒಂದರಿಂದ ನಮ್ಮ ಮನೆಗೆ ನಲವತ್ತು ತಾಸು, ಇನ್ನೊಂದರಿಂದ ಐವತ್ತೆರಡು, ಎಲ್ಲ ಸುಸೂತ್ರ ನಡೆದರೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಓದಿ ಹೇಳಿದೆ. "ಅಲ್ಲಿಂದ ಬರಾಕ ಎರಡು ದಿನ ಅವ್ವ. ಒಮ್ಮೊಮ್ಮೆ ಮೂರು. ಹದಿನೇಳು ತಾಸು ಅಲ್ಲ." ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಪ್ಪಗೂ ಹೇಳು. ಮತ್ತ ಕೇಳಿದ್ರ ನಾನು ಎರಡು ದಿನ ಅಂತನಾ ಹೇಳ್ತೀನಿ" ಅಂದಳು.